ಮಾಸ್ತರರು ಬರೆಸಿದ ನಕಾಶೆ

ಪುಣೆಯಲ್ಲಿರುವ ನನ್ನ ತಂಗಿಯ ಮೊಮ್ಮಗಳು ಹೋದ ತಿಂಗಳು ಫೋನ್ ಮಾಡಿದ್ದಳು. ‘ನಮ್ಮ ಮೂಲ ಊರಿನ ಇತಿಹಾಸ ಮತ್ತು ಭೂಗೋಳ’ ಎಂಬ ವಿಷಯದ ಮೇಲೆ ಎರಡು ಪುಟ ಬರೆದು ತರಬೇಕೆಂದು ಶಾಲೆಯಲ್ಲಿ ಹೇಳಿದ್ದಾರಂತೆ. ಅವಳ ಅಪ್ಪ ಹುಟ್ಟಿದ್ದೂ ಪುಣೆಯಲ್ಲೇ. ಮೂಲ ಊರನ್ನು ಹುಡುಕುತ್ತ ಹುಡುಗಿ ನನ್ನವರೆಗೆ ಬಂದಿದ್ದಳು.

“ಅಜ್ಜಾ, ನೆಟ್‌ನ್ಯಾಗ ನೋಡಿದ್ನಿ. ಸಂಕೇಶ್ವರ ಹಿರಣ್ಯಕೇಶಿ ಹೊಳಿ ದಂಡಿಗೆ ಐತಿ, ಹೈವೇ ಮ್ಯಾಲ ಐತಿ, ಸಕ್ರಿ ಕಾರ್ಖಾನೆ ಐತಿ ಅಂತ ಅಷ್ಟ ಬರತೈತಿ. ಎರಡ ಪೇಜ ಹೆಂಗ ತುಂಬಸ್ಲಿ? ಮತ್ತೇನೈತ್ರಿ ನಿಮ್ಮೂರಾಗ?”

ನಾನು ಹೇಳುತ್ತ ಹೋದೆ, ಅವಳು ಬರೆದುಕೊಳ್ಳುತ್ತ ಹೋದಳು. ಎರಡು ಪುಟ ಬೇಗ ತುಂಬಿದವು. ಅವಳು ಫೋನ್ ಇಟ್ಟ ಮೇಲೂ ನನ್ನೊಳಗಿನ ಮಾತು ನಿಲ್ಲಲಿಲ್ಲ. ಇದೇ ವಿಷಯವನ್ನು ನನ್ನಿಂದಲೂ ಬರೆಸಿದ ಮಾಸ್ತರರೊಬ್ಬರಿದ್ದರು. ಅವರು ಎರಡು ಪುಟಕ್ಕೆ ಬಿಟ್ಟವರಲ್ಲ, ಒಂದು ವರ್ಷ ಬರೆಸಿದರು.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ಗೋಕಾಕದ ಕಡೆಯಿಂದ ವರ್ಗವಾಗಿ ನಮ್ಮ ಕನ್ನಡ ಶಾಲೆಗೆ ಬಂದ ಅವರು ಏಳನೇ ಇಯತ್ತೆಗೆ ಭೂಗೋಳ ಕಲಿಸುತ್ತಿದ್ದರು. ಬಿಳಿ ಧೋತರ, ಕರಿ ಟೋಪಿ, ಬೇಸಿಗೆಯಲ್ಲೂ ಬಿಚ್ಚದ ಕೋಟು. ಛಡಿ ಹಿಡಿಯುತ್ತಿದ್ದರು, ಬಾರಿಸುತ್ತಲೂ ಇದ್ದರು. ಇವತ್ತು ಅದನ್ನು ಮೆಚ್ಚಿ ಬರೆಯಲಾರೆ. ಆದರೆ ಮೊದಲ ದಿನವೇ ಅವರು ಪುಸ್ತಕ ಮುಚ್ಚಿಸಿದ್ದು ಇನ್ನೂ ಕಣ್ಣಮುಂದಿದೆ. “ಇದರಾಗ ನೈಲ್ ಐತಿ, ಗಂಗಾ ಐತಿ, ಕಾವೇರಿ ಐತಿ. ನೀವು ದಿನಾ ಈಸ ಬೀಳೋ ಹೊಳಿ ಇಲ್ಲ. ಇಲ್ಲದ್ದನ್ನ ಯಾರ ಬರೀಬೇಕು? ನೀವ ಬರೀಬೇಕು” ಅಂದರು.

ಕಿರಾಣಿ ಅಂಗಡಿಯಿಂದ ಖಾಕಿ ಕಾಗದ ತರಿಸಿ, ಹಿಟ್ಟಿನ ಅಂಟು ಕಾಸಿ, ಒಂದಕ್ಕೊಂದು ಜೋಡಿಸಿ ದೊಡ್ಡ ಹಾಳೆ ಮಾಡಿಸಿದರು. ಆ ಹಾಳೆಯ ಮೇಲೆ ವರ್ಷವಿಡೀ ನಮ್ಮ ಊರು ಬೆಳೆಯಿತು. ಹೆಜ್ಜೆ ಎಣಿಸಿ ಓಣಿಗಳನ್ನು ಅಳೆದೆವು. ಬಾವಿಗಳಿಗೆ ನೀಲಿ ಚುಕ್ಕೆ, ಗುಡಿಗಳಿಗೆ ಕೆಂಪು ಧ್ವಜ. ಯಾರ ಹೊಲ ಎರೆ, ಯಾರದು ಮಡ್ಡಿ ಎಂದು ಕೇಳಿ ಕೇಳಿ ಬಣ್ಣ ತುಂಬಿದೆವು. ದೊಡ್ಡವರು ನಕ್ಕರು. ತಲಾಠಿ ಮಾಡುವ ಕೆಲಸ ಹುಡುಗರ ಕೈಯಲ್ಲಿ ಯಾಕೆ ಮಾಡಿಸುತ್ತೀರಿ ಎಂದು ಒಬ್ಬ ಸಾವುಕಾರರು ಮಾಸ್ತರರನ್ನು ರಸ್ತೆಯಲ್ಲೇ ನಿಲ್ಲಿಸಿ ಕೇಳಿದ್ದರು.

ಹೊಳೆಯ ಪಾಠ ಹೊಳೆ ದಂಡೆಯಲ್ಲೇ ನಡೆಯಿತು. ಆಷಾಢದ ದಿನಗಳು. ಊರ ಮೇಲೆ ಬಿಸಿಲು, ಮೋಡದ ಚೂರೂ ಇಲ್ಲ. ಹೊಳೆ ಮಾತ್ರ ಕೆಂಪಗಾಗಿ ಗಂಟೆ ಗಂಟೆಗೂ ಏರುತ್ತಿತ್ತು. ಶಂಕರಲಿಂಗನ ಗುಡಿಯ ಕಡೆಯಿಂದ ಬಂದ ಹೆಂಗಸರು ಒಗೆಯಲು ತಂದ ಬಟ್ಟೆಯ ಗಂಟನ್ನು ಹಾಗೇ ಹೊತ್ತುಕೊಂಡು ತಿರುಗಿ ಹೋದರು. ಮಳೆಯಿಲ್ಲದೆ ಹೊಳೆ ಹೇಗೆ ಏರುತ್ತದೆ ಎಂದು ಒಬ್ಬ ಹುಡುಗ ಕೇಳಿದ. ಮಾಸ್ತರರು ಅವನ ಗದ್ದ ಹಿಡಿದು ಪಶ್ಚಿಮಕ್ಕೆ ತಿರುಗಿಸಿದರು. “ತಲಿ ಮ್ಯಾಲ ನೋಡಬ್ಯಾಡ ತಮ್ಮಾ, ಪಡುವಲಕ್ಕ ನೋಡು. ಘಟ್ಟದ ಮ್ಯಾಲ ಆಂಬೋಲಿಯೊಳಗ ಬಿದ್ದ ಮಳಿ ಇವತ್ತ ನಿನ್ನ ಕಾಲಿಗೆ ಬಂದೈತಿ.”

ಆ ಮಾತಿನ ಆಳ ದೊಡ್ಡವನಾದ ಮೇಲೆ ತಿಳಿಯಿತು. ಹಿರಣ್ಯಕೇಶಿ ಹುಟ್ಟುವುದು ಸಹ್ಯಾದ್ರಿಯ ನೆತ್ತಿಯ ಮೇಲೆ, ಆಂಬೋಲಿಯ ಒಂದು ಗವಿಯಿಂದ. ಅಲ್ಲಿ ಶಿವನ ಗುಡಿಯಿದೆ. ಅರಬ್ಬೀ ಸಮುದ್ರ ಅಲ್ಲಿಂದ ಹತ್ತಿರವೇ ಇದ್ದರೂ ನೀರು ಆ ಕಡೆ ಇಳಿಯದೆ ಪೂರ್ವಕ್ಕೆ ಹೊರಳಿ ಆಜರಾ, ಗಡಹಿಂಗ್ಲಜ ದಾಟಿ ನಮ್ಮೂರಿಗೆ ಬರುತ್ತದೆ. ಮುಂದೆ ಘಟಪ್ರಭೆಯನ್ನು ಕೂಡಿ, ಗೋಕಾಕದಲ್ಲಿ 52 ಮೀಟರ್ ಧುಮುಕಿ, ಚಿಕ್ಕಸಂಗಮದಲ್ಲಿ ಕೃಷ್ಣೆಯ ಪಾಲಾಗಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಆಂಬೋಲಿಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ; ಗೋಕಾಕದಲ್ಲಿ ಅದರ ಹತ್ತನೆಯ ಒಂದು ಪಾಲೂ ಬೀಳುವುದು ಕಷ್ಟ. ಈ ಎರಡು ಊರುಗಳ ನಡುವಿನ ನೇರ ಅಂತರ ನೂರು ಕಿಲೋಮೀಟರಿನೊಳಗೆ. ಇಷ್ಟು ಸಣ್ಣ ಅಂತರದಲ್ಲಿ ಮಲೆನಾಡು ಮುಗಿದು ಬರದ ಸೀಮೆ ಶುರುವಾಗುತ್ತದೆ, ಸಂಕೇಶ್ವರ ಅವೆರಡರ ನಡುವೆ ಕೂತಿದೆ. ಆಜರಾದಲ್ಲಿ ಘನಸಾಳ ಎಂಬ ಪರಿಮಳದ ಅಕ್ಕಿ ಬೆಳೆಯುತ್ತಾರೆ, ಗೋಕಾಕದ ಆಚೆ ಜೋಳ. ನಮ್ಮ ಮನೆಗಳಲ್ಲಿ ಎರಡೂ ಇದ್ದವು: ದಿನದ ಊಟಕ್ಕೆ ರೊಟ್ಟಿ, ಹಬ್ಬಕ್ಕೆ ಆಜರಾದ ಅಕ್ಕಿಯ ಅನ್ನ. ಸಂಕೇಶ್ವರದವರು ಏನು ತಿನ್ನುತ್ತಾರೆ, ಯಾಕೆ ತಿನ್ನುತ್ತಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಇವತ್ತಿಗೂ ಸಿಕ್ಕಿಲ್ಲ.

ನಕಾಶೆಯ ಪಶ್ಚಿಮದ ತುದಿಯಲ್ಲಿ ಮಾಸ್ತರರು ಒಂದು ಗೆರೆ ಎಳೆಸಿ ‘ಮುಂದೆ ಮಹಾರಾಷ್ಟ್ರ’ ಎಂದು ಬರೆಸಿದ್ದರು. ಬರೆಸುವಾಗ ಅವರ ಮುಖದ ಮೇಲೆ ಖುಷಿಯೇನೂ ಇರಲಿಲ್ಲ. ನನ್ನ ಅಪ್ಪ ಹುಟ್ಟಿದಾಗ ಸಂಕೇಶ್ವರ ಮುಂಬಯಿ ಪ್ರಾಂತದ್ದು, ಗಡಹಿಂಗ್ಲಜ ಕೊಲ್ಲಾಪುರ ಸಂಸ್ಥಾನದ್ದು. 1949ರಲ್ಲಿ ಆ ಸಂಸ್ಥಾನವೂ ಮುಂಬಯಿ ರಾಜ್ಯಕ್ಕೆ ಕೂಡಿತು. ಏಳು ವರ್ಷ ಎರಡೂ ಒಂದೇ ರಾಜ್ಯದಲ್ಲಿದ್ದವು. 1956ರ ನವೆಂಬರ್ 1ಕ್ಕೆ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತು, ಅದರ ಚಂದಗಡ ತಾಲೂಕು ಮಾತ್ರ ಗಡಹಿಂಗ್ಲಜದ ಜೊತೆ ಅತ್ತ ಉಳಿಯಿತು. ಹೊಳೆಯ ತಲೆ ಒಂದು ರಾಜ್ಯದಲ್ಲಿ, ಕಾಲು ಇನ್ನೊಂದು ರಾಜ್ಯದಲ್ಲಿ ಆಯಿತು.

ನನ್ನ ಆಯಿಯ ತವರು ಗಡಹಿಂಗ್ಲಜ ಸೀಮೆಯ ಹಳ್ಳಿ. ಅಲ್ಲಿಯ ಮನೆಗಳಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ನಮ್ಮಲ್ಲಿ ಶಾಲೆ ಕನ್ನಡದ್ದು, ಅಡತಿ ಅಂಗಡಿಯ ಲೆಕ್ಕ ಮರಾಠಿಯದು. ಎರಡು ರಾಜ್ಯಗಳ ಗಡಿ ವಿವಾದದ ಮೇಲೆ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟ ಬಳಿಕ ಕೆಲವು ವರ್ಷ ಗೋಡೆಗಳ ತುಂಬ ಘೋಷಣೆಗಳು, ಮೈಲಿಗಲ್ಲುಗಳ ಮೇಲೆ ಡಾಂಬರು. ಆಯಿ ಮಾತ್ರ ವರ್ಷಕ್ಕೊಮ್ಮೆ ಕೆಂಪು ಎಸ್.ಟಿ. ಹತ್ತಿ ತವರಿಗೆ ಹೋಗುವುದು, ಬರುವಾಗ ಅಕ್ಕಿಯ ಚೀಲ ತರುವುದು ನಿಲ್ಲಲಿಲ್ಲ. ಗಡಿಯ ಜಗಳದಲ್ಲಿ ಎರಡೂ ಕಡೆಯವರು ಊರುಗಳನ್ನು ಎಣಿಸಿದರು, ಜನರ ಮಾತನ್ನು ಎಣಿಸಿದರು; ಹೊಳೆಯನ್ನು ಒಂದಾಗಿ ನೋಡಿದವರು ಕಡಿಮೆ. ಮೇಲೆ ಚಿತ್ರಿ ಜಲಾಶಯ ಬಂತು, ಹೊಳೆಯುದ್ದಕ್ಕೂ ಕೊಲ್ಲಾಪುರ ಮಾದರಿಯ ಬಾಂದಾರಗಳು ಬಂದವು. ಬೇಸಿಗೆಯಲ್ಲಿ ನೀರು ಎಲ್ಲಿ ನಿಲ್ಲಬೇಕು, ಮಳೆಗಾಲದಲ್ಲಿ ಹಲಗೆ ಯಾವಾಗ ತೆಗೆಯಬೇಕು ಎಂಬ ಮಾತು ಎರಡು ರಾಜ್ಯದ ರೈತರು ಒಟ್ಟಿಗೆ ಕೂತು ಆಡಬೇಕಾದದ್ದು.

ಊರಿನ ಇತಿಹಾಸದ ಪಾಠ ಮಾಸ್ತರರಲ್ಲಿ ಬೇಗ ಮುಗಿಯುತ್ತಿತ್ತು. ಹತ್ತಿರದ ಹರಗಾಪುರದ ಗುಡ್ಡದ ಮೇಲಿನ ವಲ್ಲಭಗಡಕ್ಕೆ ನಮ್ಮನ್ನು ಹತ್ತಿಸಿದರು. ಶಿಲಾಹಾರರ ಕಾಲದ ಕೋಟೆಯೆಂದು ಹೇಳುತ್ತಾರೆ, ಮರಾಠರೂ ಅದನ್ನು ಆಳಿದರು. ಅಲ್ಲಿ ನಮಗೆ ರಾಜರ ಕಥೆ ಬೇಕಿತ್ತು. ಅವರು ನಮ್ಮನ್ನು ಬುರುಜಿನ ಮೇಲೆ ನಿಲ್ಲಿಸಿ, ರಸ್ತೆ ಹೊಳೆಯನ್ನು ಎಲ್ಲಿ ದಾಟುತ್ತದೆ ತೋರಿಸಿ, “ಕೋಟಿ ಯಾಕ ಇಲ್ಲೇ ಕಟ್ಟಿದ್ರು?” ಎಂದು ಕೇಳಿದರು. ಉತ್ತರ ಕೆಳಗೇ ಹರಿಯುತ್ತಿತ್ತು. ಹುಕ್ಕೇರಿಯ ಆದಿಲ್‌ಶಾಹಿ ಗುಮ್ಮಟಗಳು, ಶಂಕರಲಿಂಗನ ಗುಡಿ, ಕರವೀರ–ಸಂಕೇಶ್ವರ ಶಂಕರಾಚಾರ್ಯ ಪೀಠದ ಮಠ, ಪಕ್ಕದ ನಿಡಸೋಶಿಯ ದುರದುಂಡೀಶ್ವರ ಮಠ, ಎಲ್ಲಕ್ಕೂ ನಕಾಶೆಯಲ್ಲಿ ಜಾಗ ಸಿಕ್ಕಿತು. ದಾರಿ ಇದ್ದಲ್ಲಿ ಗುಡಿ, ಮಠ, ಕೋಟೆ ಬರುತ್ತವೆ ಎಂಬುದು ಅವರ ಸಿದ್ಧಾಂತ. ಅದನ್ನು ನಾನೂ ನಂಬುತ್ತೇನೆ. ಸಂಕೇಶ್ವರದಲ್ಲಿ ಯಾವ ದೊಡ್ಡ ಅರಸನೂ ರಾಜಧಾನಿ ಕಟ್ಟಲಿಲ್ಲ. ಉದ್ದಕ್ಕೆ ಬಂದ ಪುಣೆ–ಬೆಂಗಳೂರು ರಸ್ತೆಗೆ ಕೊಂಕಣದಿಂದ ಘಟ್ಟ ಹತ್ತಿ ಬಂದ ದಾರಿ ಇಲ್ಲಿ ಕೂಡುತ್ತದೆ, ಅದೇ ಊರನ್ನು ಕಟ್ಟಿದ್ದು.

ಆ ರಸ್ತೆಗೆ ನಾವು ಇಂದಿಗೂ ಪಿ.ಬಿ. ರೋಡ ಎನ್ನುತ್ತೇವೆ. ಸಂಕೇಶ್ವರಕ್ಕೆ ರೈಲಿಲ್ಲ, ರೈಲು ಹಿಡಿಯಬೇಕಾದರೆ ಘಟಪ್ರಭಾಕ್ಕೋ ಬೆಳಗಾವಿಗೋ ಹೋಗಬೇಕು. ಹೀಗಾಗಿ ಜಗತ್ತೆಲ್ಲ ನಮಗೆ ರಸ್ತೆಯ ಮೇಲೆ ಕಾಣಿಸಿಕೊಂಡಿತು. ಮುಂಬಯಿಗೆ ಹೋಗುವ ಲಾರಿಗಳು, ಬೆಂಗಳೂರಿಗೆ ಹೋಗುವ ಲಾರಿಗಳು, ಸಾವಂತವಾಡಿಯಿಂದ ಮಾವಿನಹಣ್ಣು, ಗೋವೆಯಿಂದ ಒಣಮೀನು. ಶಾಲೆಯ ಹುಡುಗರು ರಸ್ತೆಯ ಪಕ್ಕ ಕೂತು ಲಾರಿಯ ನಂಬರು ಓದಿ ರಾಜ್ಯ ಹೇಳುವ ಆಟ ಆಡುತ್ತಿದ್ದೆವು. 1981ರಲ್ಲಿ ನಿಪ್ಪಾಣಿಯ ತಂಬಾಕು ರೈತರು ಬೆಲೆ ಕೇಳಿ ಇದೇ ರಸ್ತೆಯ ಮೇಲೆ ವಾರಗಟ್ಟಲೆ ಕೂತಾಗ ಲಾರಿಗಳು ನಿಂತವು, ಆಟ ನಿಂತಿತು. ಆಗ ನಾನು ಹುಡುಗನಾಗಿ ಉಳಿದಿರಲಿಲ್ಲ. ಏಪ್ರಿಲ್ 6ರಂದು ಗೋಲಿಬಾರ್ ಆಗಿ ರೈತರು ಸತ್ತ ಸುದ್ದಿ ಸಂಜೆಯೊಳಗೆ ನಮ್ಮ ಬಸ್ ಸ್ಟ್ಯಾಂಡಿಗೆ ಬಂದಿತ್ತು. ರಸ್ತೆ ಅನ್ನ ಕೊಡುತ್ತದೆ, ಅದರ ಮೇಲೆ ಅನ್ನ ಕೇಳಿ ಕೂತವರನ್ನು ಎಬ್ಬಿಸುವ ಕೈಯೂ ಇರುತ್ತದೆ ಎಂಬುದನ್ನು ನಮ್ಮ ಪೀಳಿಗೆ ಕಲಿತದ್ದು ಅಂದು.

ಈಗ ರಸ್ತೆ ಅಗಲವಾಗಿದೆ. ಬೆಂಗಳೂರಿನ ಬಸ್ಸುಗಳು ಊರೊಳಗೆ ಬರುವುದನ್ನು ಮರೆತಿವೆ. ಸಂಕೇಶ್ವರದಲ್ಲಿ ಇಳಿಯುತ್ತೇನೆ ಎಂದರೆ ಕಂಡಕ್ಟರ್ ಸರ್ವಿಸ್ ರೋಡಿನಲ್ಲಿ ಇಳಿಸಿ ಹೋಗುತ್ತಾನೆ.

ಮೆಣಸಿನಕಾಯಿಯ ಮಾತಿಗೆ ಬರುತ್ತೇನೆ. ಮೊಮ್ಮಗಳಿಗೆ ಇದನ್ನು ಹೇಳುವಾಗ ನನ್ನ ದನಿ ಏರಿತ್ತು. ಪುಣೆ, ಕೊಲ್ಲಾಪುರ, ಮುಂಬಯಿ, ಯಾವ ಪೇಟೆಯ ಮಸಾಲೆ ಅಂಗಡಿಗೆ ಹೋದರೂ ನಮ್ಮೂರಿನ ಹೆಸರು ಚೀಲದ ಮೇಲಿರುತ್ತದೆ: ‘ಸಂಕೇಶ್ವರಿ’. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಸಂಕೇಶ್ವರಿ. ಕೊಲ್ಲಾಪುರದ ಕಾಂದಾ–ಲಸೂಣ ಮಸಾಲೆಗೆ ಇದು ಬೇಕೇ ಬೇಕು. ಇದರಿಂದ ಆರಿಸಿ ತೆಗೆದ ‘ಸಂಕೇಶ್ವರ–32’ ಎಂಬ ತಳಿಯ ಹೆಸರನ್ನು ಕೃಷಿಯ ಪುಸ್ತಕಗಳಲ್ಲಿ ಓದಿದವರಿಗೆ ಗೊತ್ತು. ಬೆರಳಿಗಿಂತ ಉದ್ದ, ತೆಳ್ಳಗೆ, ಒಣಗಿದರೆ ಮೈಯೆಲ್ಲ ಸುಕ್ಕು.

ನಮ್ಮ ಬಾಲ್ಯದಲ್ಲಿ ಅದು ಮಳೆಯ ಮೇಲೆಯೇ ಬೆಳೆಯುತ್ತಿತ್ತು. ಮಳೆ ಹಿಡಿದಾಗ ಮಡಿಯಲ್ಲಿ ಬೀಜ ಚೆಲ್ಲಿ, ಸಸಿ ಗೇಣುದ್ದವಾದ ಮೇಲೆ ಎರೆ ಹೊಲದಲ್ಲಿ ಹಚ್ಚುತ್ತಿದ್ದರು. ದೀಪಾವಳಿ ದಾಟಿದರೆ ಹಣ್ಣು ಬಿಡಿಸುವ ಸುಗ್ಗಿ. ಊರ ಸುತ್ತಿನ ಮಡ್ಡಿಗಳೆಲ್ಲ ಕೆಂಪು. ಒಣಗಿದ ಕಾಯನ್ನು ಚೀಲಕ್ಕೆ ತುಂಬುವ ಮೊದಲು ತೊಟ್ಟು ಬಿಡಿಸಬೇಕು, ಕಳಾಹೀನ ಕಾಯಿ ಬೇರೆ ಮಾಡಬೇಕು. ಆ ಕೆಲಸ ಪೂರ್ತಿ ಹೆಂಗಸರದು. ಅಡತಿ ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಸಾಲಾಗಿ ಕೂತು, ಬಾಯಿಗೆ ಸೆರಗು ಕಟ್ಟಿಕೊಂಡು, ಬೆಳಗಿನಿಂದ ಹೊತ್ತು ಮುಳುಗುವವರೆಗೆ ತೊಟ್ಟು ಮುರಿಯುತ್ತಿದ್ದರು. ಕೂಲಿ ತೂಕದ ಮೇಲೆ. ನಮ್ಮ ಓಣಿಯ ಕಾಕು ಒಬ್ಬಳು ಗಂಡ ತೀರಿದ ಮೇಲೆ ಆ ಶೆಡ್ಡಿನ ಕೂಲಿಯಲ್ಲೇ ಮೂರು ಮಕ್ಕಳನ್ನು ಓದಿಸಿದಳು. ರಾತ್ರಿ ಬೆರಳು ಉರಿಯುತ್ತವೆಂದು ಮಜ್ಜಿಗೆಯ ಬೋಗುಣಿಯಲ್ಲಿ ಕೈ ಅದ್ದಿ ಕೂರುತ್ತಿದ್ದಳು. ಕೂಸಿಗೆ ಹಾಲು ಕುಡಿಸುವ ತಾಯಂದಿರಿಗೆ ಆ ಕೈಯಿಂದ ಕೂಸನ್ನು ಮುಟ್ಟುವ ಹಾಗಿರಲಿಲ್ಲ. ಮೆಣಸಿನಕಾಯಿಯ ಸುಗ್ಗಿ ಎಷ್ಟು ಚೆಂದವಿತ್ತು ಎಂದು ಬರೆಯುವವರು ಬಹಳ ಮಂದಿ. ನಾನೂ ಆ ಕೆಂಪು ಮಡ್ಡಿಗಳನ್ನು ಕನಸಿನಲ್ಲಿ ಕಾಣುತ್ತೇನೆ. ಆದರೆ ಆ ಕೆಂಪಿನ ಲೆಕ್ಕ ಬರೆಯುವಾಗ ಕಾಕುವಿನ ಬೆರಳನ್ನು ಬಿಟ್ಟರೆ ಲೆಕ್ಕ ಸುಳ್ಳಾಗುತ್ತದೆ.

ಮಾಸ್ತರರು ನಕಾಶೆಯಲ್ಲಿ ಮೆಣಸಿನಕಾಯಿ ಹೊಲಗಳಿಗೆ ಕೆಂಪು ಬಳಿಸಿದ್ದರು. ಕಬ್ಬಿಗೆ ಹಸಿರು. ಆ ವರ್ಷ ಹಸಿರು ಹೊಳೆಯ ಗುಂಟ ತೆಳ್ಳಗೆ ಇತ್ತು, ಅಷ್ಟೇ. ಅಪ್ಪಣಗೌಡ ಪಾಟೀಲರು ರೈತರನ್ನು ಕೂಡಿಸಿ ಕಟ್ಟಿದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ ಆಗ ಹೊಸದು. ನನ್ನ ಅಪ್ಪ ಅಲ್ಲಿ ಕಬ್ಬಿನ ಕಾಂಟಾದ ಮೇಲೆ ತೂಕದ ಚೀಟಿ ಬರೆಯುತ್ತಿದ್ದರು. ನಾವು ಓದಿದ್ದು, ಮನೆಗೆ ಹಂಚು ಹಾಕಿದ್ದು, ತಂಗಿಯ ಲಗ್ನ ಆದದ್ದು ಎಲ್ಲ ಆ ಸಂಬಳದಲ್ಲಿ. ರೈತನೇ ಷೇರುದಾರ, ರೈತನೇ ಮಾಲಕ ಎಂಬ ಮಾತು ಅಂದು ಬರಿ ಭಾಷಣದ ಮಾತಾಗಿರಲಿಲ್ಲ. ಸಾಮಾನ್ಯ ಸಭೆಗೆ ಹೋಗಿ ಬಂದ ರೈತರು ಚಹಾದಂಗಡಿಯಲ್ಲಿ ಎದೆ ಎತ್ತಿ ಮಾತಾಡುತ್ತಿದ್ದರು. 1969ರಲ್ಲಿ ಅದೇ ಪಾಟೀಲರ ಮುಂದಾಳತ್ವದಲ್ಲಿ ಹುಕ್ಕೇರಿ ತಾಲೂಕಿಗೆ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಬಂತು. ಅಮೆರಿಕದ ಹಳ್ಳಿಗಳಲ್ಲಿ ರೈತರೇ ಕೂಡಿ ವಿದ್ಯುತ್ ತಂದುಕೊಂಡ ಮಾದರಿಯ ಮೇಲೆ ಇಡೀ ದೇಶದಲ್ಲಿ ಮೊದಲಿಗೆ ಆರಂಭಿಸಿದ ಐದು ಸಂಘಗಳಲ್ಲಿ ಇದೊಂದು, ಕರ್ನಾಟಕದಲ್ಲಿ ಇದೊಂದೇ. ಉಳಿದ ಕಡೆಯವರು ಕಂಬ ಬರಲೆಂದು ಅರ್ಜಿ ಹಿಡಿದು ಅಲೆಯುತ್ತಿದ್ದಾಗ ನಮ್ಮ ತಾಲೂಕಿನ ಮಡ್ಡಿಗಳಲ್ಲಿ ಪಂಪ್‌ಸೆಟ್ ಗುಡುಗತೊಡಗಿತ್ತು. ಸಹಕಾರಿ ಕಾರ್ಖಾನೆಯ ಹೆಸರನ್ನೇ ಹೊತ್ತ ಎಂಜಿನಿಯರಿಂಗ್ ಕಾಲೇಜು 1996ರಲ್ಲಿ ನಿಡಸೋಶಿಯಲ್ಲಿ ತೆರೆಯಿತು. ಇವೆಲ್ಲ ನಮ್ಮ ಸೀಮೆಯ ಜನ ತಮ್ಮ ಕೈಯಾರೆ ಮಾಡಿದ ಇತಿಹಾಸ. ಯಾವ ಕೋಟೆಗಿಂತಲೂ ದೊಡ್ಡದೆಂದು ನಾನು ತಿಳಿದಿದ್ದೇನೆ.

ಬೆಲೆಯನ್ನೂ ಹೇಳಬೇಕು. ವಿದ್ಯುತ್ ಬಂದಲ್ಲಿ ಪಂಪು ಬಂತು, ಪಂಪು ಬಂದಲ್ಲಿ ನೀರು ಮಡ್ಡಿ ಹತ್ತಿತು, ನೀರು ಹತ್ತಿದಲ್ಲಿ ಕಬ್ಬು ಬಂತು. ಮೆಣಸಿನಕಾಯಿಗೆ ಮುಟುರು ರೋಗ, ಔಷಧಿಯ ಖರ್ಚು, ಬಿಡಿಸಲು ಆಳು, ಪೇಟೆಯಲ್ಲಿ ದಿನಕ್ಕೊಂದು ದರ. ಕಬ್ಬಿಗೆ ಇಷ್ಟೆಲ್ಲ ತಲೆನೋವಿಲ್ಲ; ಹಚ್ಚಿ ನೀರು ಬಿಟ್ಟರೆ ಕಾರ್ಖಾನೆ ಒಯ್ಯುತ್ತದೆ. ರೈತ ಕಬ್ಬಿಗೆ ಹೋದದ್ದರಲ್ಲಿ ತಪ್ಪೇನಿದೆ? ನನ್ನ ಸ್ವಂತ ಚಿಕ್ಕಪ್ಪ ಎಂಬತ್ತರ ದಶಕದಲ್ಲಿ ಮೆಣಸಿನಕಾಯಿ ಬಿಟ್ಟು ಕಬ್ಬು ಹಚ್ಚಿ ಸಾಲ ತೀರಿಸಿದರು. ಆದರೆ ಇವತ್ತು ಮಾಸ್ತರರ ಹಾಳೆಯ ಮೇಲೆ ಮತ್ತೆ ಬಣ್ಣ ಬಳಿಯಲು ಕೂತರೆ ಕೆಂಪು ಬಣ್ಣದ ಡಬ್ಬಿ ತೆರೆಯುವ ಪ್ರಸಂಗ ಬಹಳ ಕಡಿಮೆ. ಸಂಕೇಶ್ವರಿ ಎಂದು ಮಾರುವ ಚೀಲದಲ್ಲಿರುವುದು ಬಹುಪಾಲು ಬೇರೆ ಸೀಮೆಯ ಕಾಯಿ. ನಮ್ಮೂರಿನ ಹೆಸರು ದೇಶವೆಲ್ಲ ಸುತ್ತುತ್ತಿದೆ, ಆ ಹೆಸರಿನ ಕಾಯಿ ಊರಲ್ಲಿ ಹುಡುಕಿದರೆ ಸಿಗಬೇಕು.

ಹೊಳೆಯೂ ಬದಲಾಯಿತು. ಮೇಲೆ ಆಂಬೋಲಿಯಲ್ಲಿ, ಹೊಳೆ ಹುಟ್ಟುವ ಆ ಗುಡಿಯ ಕೊಳದಲ್ಲಿ, ಬೇರೆಲ್ಲೂ ಕಾಣದ ಒಂದು ಸಣ್ಣ ಮೀನು ಪತ್ತೆಯಾಯಿತು. ಅದಕ್ಕೆ ಹಿರಣ್ಯಕೇಶಿಯ ಹೆಸರನ್ನೇ ಇಟ್ಟರು. 2021ರಲ್ಲಿ ಮಹಾರಾಷ್ಟ್ರ ಸರಕಾರ ಆ ಜಾಗವನ್ನು ಜೀವವೈವಿಧ್ಯದ ಪಾರಂಪರಿಕ ತಾಣವೆಂದು ಸಾರಿತು. ಅಷ್ಟು ತಿಳಿಯಾಗಿ ಹುಟ್ಟುವ ನೀರು ನಮ್ಮಲ್ಲಿಗೆ ಬರುವ ಹೊತ್ತಿಗೆ ದಾರಿಯ ಊರುಗಳ ಗಟಾರ, ಹೊಲಗಳ ಗೊಬ್ಬರ, ಎಲ್ಲ ಹೊತ್ತಿರುತ್ತದೆ. ನಮ್ಮ ಊರೂ ತನ್ನ ಪಾಲು ಸೇರಿಸಿ ಮುಂದೆ ಕಳಿಸುತ್ತದೆ. ನಾವು ಬೊಗಸೆಯಲ್ಲಿ ಎತ್ತಿ ಕುಡಿದ ಮಡುವಿನಲ್ಲಿ ಬೇಸಿಗೆಯಲ್ಲಿ ಅಂತರಗಂಗೆ ಹಬ್ಬಿ ನೀರೇ ಕಾಣುವುದಿಲ್ಲ.

ಮಾಸ್ತರರ ಬಗ್ಗೆ ಹೇಳಬೇಕಾದದ್ದು ಇನ್ನೊಂದು ಉಳಿದಿದೆ. ಹೇಳದೆ ಬಿಟ್ಟರೆ ಈ ಬರಹ ಬರಿಯ ಗುರುಸ್ತುತಿಯಾಗುತ್ತದೆ.

ನನ್ನ ವರ್ಗದಲ್ಲಿ ಕಡೆಯ ಸಾಲಿನಲ್ಲಿ ಕೂರುತ್ತಿದ್ದ ಗೆಳೆಯನೊಬ್ಬನಿದ್ದ. ನಮ್ಮೆಲ್ಲರಿಗಿಂತ ನೇರ ಗೆರೆ ಎಳೆಯುವವನು ಅವನೇ. ಹೊಳೆಯ ತಿರುವುಗಳನ್ನು ಕಾಗದದ ಮೇಲೆ ತಂದವನೂ ಅವನೇ. ಅವನ ಮನೆ ಹೊಳೆಯ ಕಡೆಯ ತಗ್ಗಿನಲ್ಲಿ, ಆಗಿನವರು ಹರಿಜನ ಕೇರಿ ಎನ್ನುತ್ತಿದ್ದ ಓಣಿಯಲ್ಲಿ. ನಕಾಶೆ ಮುಗಿಯುತ್ತ ಬಂದಾಗ ಅವನು ಎದ್ದು ನಿಂತು ಕೇಳಿದ: “ನಮ್ಮ ಓಣಿ ಎಲ್ಲಿ ಬರತೈತ್ರಿ, ಗುರುಗಳ?” ಮಾಸ್ತರರು ಹಾಳೆಯನ್ನು ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಳಿ ಮುಗದೈತಿ ತಮ್ಮಾ” ಅಂದರು. ಅವನು ಕೂತ. ಗೋಡೆಗೆ ತೂಗುಹಾಕಿದ ನಕಾಶೆಯಲ್ಲಿ ಕೋಟೆಯಿತ್ತು, ಮಠಗಳಿದ್ದವು, ಪೇಟೆಯಿತ್ತು, ಪ್ರತಿ ಬಾವಿಯೂ ಇತ್ತು. ಬಾವಿಗಳಲ್ಲಿ ಯಾವುದರಿಂದ ಅವನ ಮನೆಯವರು ನೀರು ಸೇದುವಂತಿಲ್ಲ ಎಂಬುದು ಬರೆದಿರಲಿಲ್ಲ.

ಆ ಮಾಸ್ತರರು ಕೆಟ್ಟವರಲ್ಲ. ಅವನ ಹಣೆಬರಹದ ಬಗ್ಗೆ ಮರುಗುತ್ತಿದ್ದರು, ಅವನಿಗೆ ಪೆನ್ಸಿಲ್ ಕೊಡಿಸುತ್ತಿದ್ದರು. ಪಕ್ಕದ ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು 1902ರಲ್ಲೇ ಅರ್ಧ ನೌಕರಿಗಳನ್ನು ಹಿಂದುಳಿದವರಿಗೆ ಮೀಸಲಿಟ್ಟಿದ್ದರು. 1920ರಲ್ಲಿ ಅದೇ ಸಂಸ್ಥಾನದ ಮಾಣಗಾವಿನಲ್ಲಿ ಅಂಬೇಡ್ಕರರನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಇವರೇ ನಿಮ್ಮ ನಾಯಕರು’ ಎಂಬರ್ಥದ ಮಾತು ಹೇಳಿದ್ದರು. ಇದೆಲ್ಲ ನಮ್ಮ ಹೊಳೆಯ ಸೀಮೆಯ ಅಕ್ಕಪಕ್ಕದಲ್ಲೇ ನಡೆದ ಇತಿಹಾಸ, ನಮ್ಮ ಪಾಠಗಳಲ್ಲಿ ಬರಲಿಲ್ಲ. ಕಣ್ಣಿಗೆ ಕಾಣುವುದನ್ನೆಲ್ಲ ಬರೆಯಲು ಕಲಿಸಿದ ಗುರು, ಯಾವುದನ್ನು ಕಾಣಬೇಕೆಂಬುದನ್ನು ಊರಿನ ದೊಡ್ಡವರಿಂದ ಕಲಿತಿದ್ದರು. ಅವರ ಮೇಲಿನ ನನ್ನ ಪ್ರೀತಿ ಇದರಿಂದ ಕಡಿಮೆಯಾಗಿಲ್ಲ. ನಕಾಶೆ ಮಾತ್ರ ಅರ್ಧವೇ ಆಗಿತ್ತು.

2019ರ ಆಗಸ್ಟಿನಲ್ಲಿ ಮಹಾಪೂರ ಬಂತು. ಯಮಗರ್ಣಿಯ ಹತ್ತಿರ ವೇದಗಂಗೆ ಹೆದ್ದಾರಿಯನ್ನೇ ಮುಚ್ಚಿತು, ಗೋಕಾಕದಲ್ಲಿ ಲೋಳಸೂರ ಸೇತುವೆ ಮುಳುಗಿತು, ಸಂಕೇಶ್ವರದಲ್ಲಿ ಹಿರಣ್ಯಕೇಶಿ ಓಣಿಗಳಿಗೆ ನುಗ್ಗಿತು. 2021ರ ಜುಲೈಯಲ್ಲಿ ಮತ್ತೆ. ಮೊದಲ ಪೂರ ಇಳಿದ ಮೇಲೆ ನಾನು ಊರಿಗೆ ಹೋಗಿದ್ದೆ. ಗೆಳೆಯನ ಮನೆಯಲ್ಲಿ ಮೊಣಕಾಲುದ್ದ ರಾಡಿ. ಬ್ಯಾಂಕಿನ ಕೆಲಸದಿಂದ ನಿವೃತ್ತನಾಗಿ ಹಳೆಯ ಜಾಗದಲ್ಲೇ ಹೊಸ ಮನೆ ಕಟ್ಟಿದ್ದ. ಒಳಗಿನ ಹಳೆಯ ಕಲ್ಲುಗೋಡೆ ಒಂದನ್ನು ಕೆಡವದೆ ಉಳಿಸಿಕೊಂಡಿದ್ದ. ಅದರ ಮೇಲೆ ಉಳಿಯಿಂದ ಕೊರೆದ ಗೆರೆಗಳಿದ್ದವು. ಕೆಲವಕ್ಕೆ ಅವನಪ್ಪ ಇಸವಿ ಬರೆದಿದ್ದ. ಎಲ್ಲಕ್ಕಿಂತ ಹಳೆಯದು ಅಜ್ಜ ಕೊರೆದದ್ದು, ಅಜ್ಜನಿಗೆ ಅಕ್ಷರ ಬರುತ್ತಿರಲಿಲ್ಲ.

“ಈ ಸಲದ್ದು ಇಲ್ಲಿ ನೋಡೋ” ಎಂದು ಕೈ ಎತ್ತಿ ತೋರಿಸಿದ. ಅಜ್ಜನ ಗೆರೆಗಿಂತ ಮೇಲಿತ್ತು. ಊರಿಗೆ ನೀರು ಮೊದಲು ಎಲ್ಲಿ ಬರುತ್ತದೆ, ಎಷ್ಟು ಹೊತ್ತಿನಲ್ಲಿ ಏರುತ್ತದೆ, ಯಾವ ಓಣಿಯಿಂದ ಇಳಿಯುತ್ತದೆ ಎಂದು ಅವನು ಹೇಳುತ್ತ ಹೋದ. ನಮ್ಮ ಇಡೀ ವರ್ಗ ಒಂದು ವರ್ಷ ಹೆಜ್ಜೆ ಹಾಕಿ ಅಳೆದದ್ದಕ್ಕಿಂತ ಹೆಚ್ಚಿನ ಭೂಗೋಳ ಆ ಒಂದು ಗೋಡೆಯ ಮೇಲಿತ್ತು. ಹಳೆಯ ಊರು ದಿನ್ನೆಯ ಮೇಲೆ ಕೂತದ್ದು ಆಕಸ್ಮಿಕವಲ್ಲ. ಪೂರದ ಮಟ್ಟ ಬಲ್ಲವರೇ ದಿನ್ನೆಯನ್ನು ಹಿಡಿದರು, ಉಳಿದದ್ದನ್ನು ಉಳಿದವರಿಗೆ ಬಿಟ್ಟರು. ಈಗ ಮನೆ ಸಾಲದೆ ಎಲ್ಲ ಜಾತಿಯವರೂ ತಗ್ಗಿಗೆ ಇಳಿದಿದ್ದಾರೆ. ಹಳ್ಳಗಳನ್ನು ಮುಚ್ಚಿ ನಿವೇಶನ ಮಾಡಿದ್ದಾರೆ. ಇಂದು ಆ ಗೋಡೆಯ ತಿಳಿವಳಿಕೆ ಊರಿಗೆಲ್ಲ ಬೇಕಾಗಿದೆ, ಕೇಳಲು ಹೋದವರು ಮಾತ್ರ ಯಾರೂ ಇಲ್ಲ ಎಂದು ಅವನೇ ಹೇಳಿದ.

ಸಂಕೇಶ್ವರದ ಮೇಲೆ ಬರೆದ ಲೇಖನಗಳು ಅಲ್ಲೊಂದು ಇಲ್ಲೊಂದು ಇವೆ. ಮಠದ ಇತಿಹಾಸ ಬರೆಯುವವರು ಸಿಗುತ್ತಾರೆ, ಸಹಕಾರಿ ಧುರೀಣರ ಅಭಿನಂದನ ಗ್ರಂಥ ಬರೆಯುವವರೂ ಸಿಗುತ್ತಾರೆ. ತೊಟ್ಟು ಬಿಡಿಸಿದ ಕೈಗಳು, ಗೋಡೆಯ ಮೇಲಿನ ಗೆರೆಗಳು, ಕಬ್ಬು ಕಡಿಯಲು ಬೇರೆ ಜಿಲ್ಲೆಗಳಿಂದ ಬಂದು ಚಳಿಗಾಲವೆಲ್ಲ ಕೊಪ್ಪಿಗಳಲ್ಲಿ ಇರುವ ಕುಟುಂಬಗಳು, ಗಡಿಯಾಚೆಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಇವರೆಲ್ಲರ ಊರೂ ಇದೇ. ಬಲ್ಲವರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದಾರೆ. ಕಾಕು ಹೋಗಿ ಬಹಳ ವರ್ಷವಾಯಿತು. ಮಾಸ್ತರರು ನಿವೃತ್ತರಾಗಿ ಗೋಕಾಕದ ಕಡೆ ಹೋದವರು ಅಲ್ಲೇ ತೀರಿದರೆಂದು ಕೇಳಿದೆ. ಅವರ ನಕಾಶೆ ಶಾಲೆಯ ಹಳೆಯ ಕಟ್ಟಡದ ಜೊತೆ ಹೋಯಿತು.

ಹಿರಣ್ಯಕೇಶಿಯ ದಂಡೆಯ ಶಾಲೆಗಳಲ್ಲಿ ಕಲಿಸುವ ಗುರುಗಳಲ್ಲಿ, ಗುರುಮಾತೆಯರಲ್ಲಿ ನನ್ನದೊಂದು ಬೇಡಿಕೆ. ಆಜರಾ, ಗಡಹಿಂಗ್ಲಜ, ಸಂಕೇಶ್ವರ, ಯಾವ ಊರೇ ಇರಲಿ, ಯಾವ ಮಾಧ್ಯಮವೇ ಇರಲಿ. ಬರುವ ಮಳೆಗಾಲಕ್ಕೆ ಮೊದಲು ಮಕ್ಕಳ ಕೈಗೆ ದೊಡ್ಡ ಹಾಳೆ ಕೊಡಿ. ಪೂರದ ನೀರು ಎಲ್ಲಿಯವರೆಗೆ ಬಂದಿತ್ತೆಂದು ಮನೆ ಮನೆಗೆ ಕಳಿಸಿ ಕೇಳಿಸಿ, ಆ ಗೆರೆಯನ್ನು ಇಸವಿಯ ಸಮೇತ ಶಾಲೆಯ ಗೋಡೆಯ ಮೇಲೂ ಬರೆಸಿ. ಮುದುಕಿಯರನ್ನು ಕೂರಿಸಿಕೊಂಡು ಬೆಳೆ, ಬಾವಿ, ಕೂಲಿಯ ಮಾತು ಬರೆದುಕೊಳ್ಳಲು ಹೇಳಿ. ಯಾರ ಮನೆಯ ಅಡಕಲಿನಲ್ಲಾದರೂ ಹಳೆಯ ಸಂಕೇಶ್ವರಿಯ ಬೀಜ ಉಳಿದಿದ್ದರೆ ಶಾಲೆಯ ಅಂಗಳದಲ್ಲಿ ಒಂದು ಮಡಿ ಹಚ್ಚಿಸಿ. ಹಾಳೆ ಸಾಲದಿದ್ದರೆ ಇನ್ನೊಂದು ಅಂಟಿಸಿ. ನಕಾಶೆಯನ್ನು ತಗ್ಗಿನ ಓಣಿಯಿಂದಲೇ ಶುರು ಮಾಡಿಸಿ.